ನಾಯಿಗೊಂದು ಶ್ರಾವಣ ಸೋಮವಾರ

ನಾಯಿ ತರುವ ಮಾತೆತ್ತಿದಾಗ ನಮ್ಮ ಅತ್ತೆ ಹಾಕಿದ ಷರತ್ತು ಒಂದೇ: "ಹಿತ್ತಲದಾಗ ಇರಲಿ. ಹೊಸ್ತಲಾ ದಾಟಿ ಒಳಗ ಬರಂಗಿಲ್ಲ."

ಬೆಟಗೇರಿಯ ನಮ್ಮ ಮನೆಯ ಹಿತ್ತಿಲು ಎಂದರೆ ಒಂದು ಕರಿಬೇವಿನ ಗಿಡ, ಬಟ್ಟೆ ಒಗೆಯುವ ಕಲ್ಲು, ಅವೆರಡರ ನಡುವೆ ಉಳಿದಷ್ಟು ಜಾಗ. ನಾಯಿ ಅಲ್ಲಿ ಒಂದು ಮಧ್ಯಾಹ್ನ ಇತ್ತು. ಮರುದಿನ ನೋಡಿದರೆ ದೇವರ ಮನೆಯ ಬಾಗಿಲ ಪಕ್ಕದಲ್ಲಿ, ಅತ್ತೆಯ ಹಳೆಯ ಇಳಕಲ್ ಸೀರೆಯ ಮಡಿಕೆಯ ಮೇಲೆ ಮಲಗಿತ್ತು. ಅಂಚಿನ ಒರಟು ದಡಿ ಮೂಗಿಗೆ ಚುಚ್ಚದಿರಲೆಂದು ಅದನ್ನು ಒಳಗೆ ಮಡಚಲಾಗಿತ್ತು. ಯಾರು ಹಾಸಿದರೆಂದು ನಾನು ಕೇಳಲಿಲ್ಲ.

ಅದನ್ನು ತಂದದ್ದು ಲಕ್ಕುಂಡಿ ರಸ್ತೆಯಲ್ಲಿರುವ, ಬೀದಿ ಪ್ರಾಣಿಗಳ ಆಶ್ರಯ ಕೇಂದ್ರವೊಂದರಿಂದ. ಲಕ್ಷ್ಮೇಶ್ವರದ ಕಾಳಿನ ಪೇಟೆಯಲ್ಲಿ ಟೆಂಪೋ ಬಡಿದು ಬಿದ್ದಿದ್ದ ಹೆಣ್ಣು ನಾಯಿ. ಮುರಿದ ಹಿಂಗಾಲು ಕೂಡಿಕೊಂಡಿದ್ದರೂ ನಡೆಯುವಾಗ, ಮರೆತದ್ದೇನೋ ನೆನಪಾದವರ ಹಾಗೆ ಅರೆಗಳಿಗೆ ನಿಲ್ಲುತ್ತಿತ್ತು. ಕೇಂದ್ರ ನಡೆಸುವ ಅಕ್ಕನವರು ಕೊಡುವಾಗಲೇ ಹೇಳಿದ್ದರು: ಚುಚ್ಚುಮದ್ದು ಆಗಿದೆ, ಮರಿ ಆಗದಂತೆ ಮಾಡುವ ಆಪರೇಷನ್ ಬಾಕಿ ಇದೆ, ಅದು ಮುಗಿಯುವವರೆಗೆ ನಾಯಿ ನಿಮ್ಮ ಮನೆಯಲ್ಲಿದ್ದರೂ ನಮ್ಮದೇ.

ನಾನು ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಕಲಿತವಳು. ಅವರು ನಮಗೆ ಹೇಳುತ್ತಿದ್ದ ದನಿಯಲ್ಲೇ ನಾಯಿಗೆ "ಸಿಟ್" ಎನ್ನುತ್ತಿದ್ದೆ, ಕೊನೆಗೊಂದು "ಪ್ಲೀಸ್" ಸೇರಿಸಿ. ಅದು ನನ್ನ ಮುಖವನ್ನೇ ಮರ್ಯಾದೆಯಿಂದ ನೋಡುತ್ತ ನಿಂತಿರುತ್ತಿತ್ತು. ಅಡುಗೆಮನೆಯಿಂದ ಅತ್ತೆ "ಕುಂಡ್ರ ಬೇ!" ಎಂದರೆ ನಾಯಿಯಷ್ಟೇ ಅಲ್ಲ, ನಿಂತು ಪೇಪರ್ ಓದುತ್ತಿದ್ದ ನನ್ನ ಗಂಡನೂ ಕೂತುಬಿಡುತ್ತಿದ್ದರು.

ಉಳ್ಳಾಗಡ್ಡಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷವಿದ್ದಂತೆ ಎಂದು ಕೇಂದ್ರದ ಡಾಕ್ಟರರು ಹೇಳಿದ್ದನ್ನು ಅತ್ತೆ ವ್ರತದಂತೆ ಪಾಲಿಸಿದರು. ಚುರುಮುರಿಯ ಗಿರಮಿಟ್ಟು ತಿನ್ನುವಾಗ ನೆಲಕ್ಕೆ ಬಿದ್ದ ಉಳ್ಳಾಗಡ್ಡಿಯ ಚೂರನ್ನು ಹೆಕ್ಕಿ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದರು. ಹಾಗಾಗಿ ಮುಂದೆ ಆದದ್ದಕ್ಕೆ ಅವರ ಅಸಡ್ಡೆ ಕಾರಣವಲ್ಲ, ಶ್ರದ್ಧೆಯೇ ಕಾರಣ.

ಕೇಂದ್ರಕ್ಕೆ ಡಾಕ್ಟರರು ಬರುವುದು ಸೋಮವಾರ ಮಾತ್ರ. ನಮ್ಮ ಪಾಳಿ ಬಂದದ್ದು ಶ್ರಾವಣದ ಸೋಮವಾರ. ಹಿಂದಿನ ರಾತ್ರಿಯ ಊಟದ ನಂತರ ನಾಯಿಯ ಹೊಟ್ಟೆಗೆ ಏನೂ ಹೋಗಬಾರದೆಂದು ಅಕ್ಕನವರು ಫೋನಿನಲ್ಲಿ ಹೇಳಿದ್ದರು. ಬೆಳಿಗ್ಗೆ ಸ್ನಾನಕ್ಕೆ ಹೋಗುವ ಮುಂಚೆ ನಾನು ಅತ್ತೆಗೆ ಹೇಳಿದೆ: "ಅತ್ತೀ, ಇವತ್ತ ಅದಕ್ಕ ಉಪವಾಸ ಐತ್ರಿ. ರೊಟ್ಟಿ-ಗಿಟ್ಟಿ ಹಾಕಬ್ಯಾಡ್ರಿ."

ಅತ್ತೆಯ ಮುಖ ಅರಳಿತು. ಅವರದೂ ಅಂದು ಉಪವಾಸ. "ಛಲೋ ಆತು ಬಿಡು. ನನಗೂ ಒಬ್ಬಾಕಿ ಜೋಡಿ ಆದ್ಲು."

ಕೇಂದ್ರದಲ್ಲಿ ಡಾಕ್ಟರರು ಕೈಗವಸು ಹಾಕಿಕೊಳ್ಳುತ್ತ ಕೇಳಿದರು: "ಬೆಳಿಗ್ಗಿ ಏನಾರ ತಿಂದೈತೇನ್ರಿ?"

"ಇಲ್ರಿ," ಎಂದೆ ನಾನು.

"ಒಂದ ಅಗಳು ಅನ್ನ ಇಲ್ರೀ ಸಾಹೇಬ್ರ, ಒಂದ ಚೂರು ರೊಟ್ಟಿ ಇಲ್ಲ," ಅತ್ತೆ ಮುಂದೆ ಬಂದರು. "ನಾ ತಿಂದದ್ದನ್ನ ಅದಕ್ಕೂ ಕೊಟ್ಟೀನಿ. ಸಾಬುದಾಣಿ ಖಿಚಡಿ, ಬಾಳೆಹಣ್ಣು, ಮ್ಯಾಲೆ ಒಂದೀಟು ಕೆನಿಹಾಲು. ಉಪ್ಪು ಸೈತ ಸೈಂಧವಾನ ಹಾಕೀನಿ."

ಡಾಕ್ಟರರು ಕೈಗವಸು ಬಿಚ್ಚಿದರು. "ಅಮ್ಮಾ, ಇದಕ್ಕ ಉಪವಾಸ ಅಂತಾರೇನ್ರಿ?"

"ಮತ್ತೇನಂತಾರ? ಮದಿವ್ಯಾಗಿ ಬಂದಾಗಿಂದ ಮಾಡಾಕತ್ತೀನಿ. ಉಪವಾಸ ನನಗ ಕಲಸ್ತೀರೇನು?"

ಡಾಕ್ಟರರು ತಾಳ್ಮೆಯ ಮನುಷ್ಯ. ಹೊಟ್ಟೆ ತುಂಬಿರುವಾಗ ಮಂಪರಿನ ಔಷಧಿ ಕೊಟ್ಟರೆ ವಾಂತಿಯಾಗಬಹುದು, ಅದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ ಎಂದು ಬಿಡಿಸಿ ಹೇಳಿದರು. ಅತ್ತೆಯ ಕೈ ತಾನಾಗಿಯೇ ನಾಯಿಯ ತಲೆಯ ಮೇಲೆ ಹೋಯಿತು. ನಾಯಿ ಮೀಸೆಗೆ ಅಂಟಿದ್ದ ಖಿಚಡಿಯ ಶೇಂಗಾಪುಡಿಯನ್ನು ನೆಕ್ಕಿಕೊಂಡಿತು.

"ಮುಂದಿನ ಸೋಮವಾರ ಬರ್ರಿ," ಎಂದರು ಅಕ್ಕನವರು. "ಆಗೂ ಹಿಂಗಾದ್ರ ನಾಯಿ ಇಲ್ಲೇ ಇಟ್ಕೋತೀವಿ. ಶಿರಹಟ್ಟಿಯವರೊಬ್ರು ಇದನ್ನ ಕೇಳ್ಯಾರ."

ಆಟೋದಲ್ಲಿ ಅತ್ತೆಯ ಬಾಯಲ್ಲಿ ಶಿರಹಟ್ಟಿಯವರದೇ ಸುದ್ದಿ. "ಇದರ ಕಾಲಿಂದು ಅವರಿಗೆ ಏನ ಗೊತ್ತೈತಿ?"

"ಅವರೂ ಒಳ್ಳೇರ ಇರಬಹುದ್ರಿ, ಅತ್ತೀ."

"ಇರಲಿ. ಒಳ್ಳೇರಿಗೆ ಬ್ಯಾರೆ ನಾಯಿ ಸಿಗ್ತಾವ."

ಮುಂದಿನ ಭಾನುವಾರ ರಾತ್ರಿ ನಾಯಿಯ ಊಟ ಮುಗಿದ ಕೂಡಲೇ ಅತ್ತೆ ಅದರ ತಟ್ಟೆಯನ್ನು ತೊಳೆದು ಅಟ್ಟಕ್ಕೇರಿಸಿದರು. ಬೆಳಿಗ್ಗೆ ಎದ್ದು ನೋಡಿದರೆ ಅಡುಗೆಮನೆಯ ಬಾಗಿಲಿಗೆ ಬೀಗ. ದಿನಾಲೂ ನಾಯಿಗೆಂದು ರೊಟ್ಟಿ ತರುತ್ತಿದ್ದ ಎದುರು ಮನೆಯವರನ್ನು ಮೆಟ್ಟಿಲಲ್ಲೇ ತಡೆದು, "ಇವತ್ತ ಅಕ್ಕರತಿ ಬ್ಯಾಡ್ರವಾ, ನಾಳೆ ಮಾಡ್ರಿ," ಎಂದು ತಿರುಗಿಸಿ ಕಳಿಸಿದರು.

"ಅತ್ತೀ, ನಿಮ್ಮ ಫಳಾರ?"

"ಅದರ ಮುಂದ ಕುಂತು ನಾ ತಿನ್ನೂದು ಹೆಂಗ?"

ಅವರು ತಿನ್ನದಿದ್ದರೆ ನಾನು ತಿನ್ನುವುದು ಹೇಗೆ? ನನ್ನ ಗಂಡ ಮಾತ್ರ ಹಾಲು ತರುವ ನೆಪದಲ್ಲಿ ಹೊರಬಿದ್ದರು. ಮರಳಿದಾಗ ಹಾಲು ಇರಲಿಲ್ಲ, ಮುಖದಲ್ಲಿ ದೊಡ್ಡ ಸಮಾಧಾನವಿತ್ತು. ನಾಯಿ ನೇರ ಹೋಗಿ ಅವರ ಬಲಗೈ ಮೂಸಿ ನಾಲಿಗೆ ಚಾಚಿತು.

"ಹಿಂದ ಸರಿ! ಮಿರ್ಚಿ ಭಜಿ ತಿಂದ ಬಂದೀಯಲ್ಲೋ?" ಅತ್ತೆ ಇಬ್ಬರ ನಡುವೆ ನಿಂತರು. "ಹೋಗು, ಸಾಬೂನ ಹಚ್ಚಿ ತೊಳಿ. ಮೀಸಿನೂ ತೊಳಿ!"

ಸ್ವಂತ ಅಂಗಡಿ ಇರುವ, ತಲೆ ನರೆತ ಮನುಷ್ಯ ಬಚ್ಚಲಲ್ಲಿ ನಿಂತು ಮೀಸೆ ತೊಳೆದರು. ಅತ್ತೆ ಹತ್ತಿರ ಹೋಗಿ ಮೂಸಿ ನೋಡಿದ ಮೇಲೆಯೇ ಬಿಡುಗಡೆ.

ಕೇಂದ್ರದಲ್ಲಿ ಅದೇ ಪ್ರಶ್ನೆ. ಈ ಸಲ ಅತ್ತೆಯ ಉತ್ತರ ಚಿಕ್ಕದಾಗಿತ್ತು: "ಇಲ್ರಿ. ಅದರದೂ ಇಲ್ಲ, ನಂದೂ ಇಲ್ಲ."

"ನಿಮ್ಮದೇನ ಆಪರೇಷನ್ ಇಲ್ಲಲ್ರೀ, ಅಮ್ಮಾ?"

"ನೀವು ಮೊದಲ ಅದರ ಕಡೆ ನೋಡ್ರಿ, ಸಾಹೇಬ್ರ."

ಬಾಗಿಲು ಮುಚ್ಚಿತು. ಬೆಂಚಿನ ಮೇಲೆ ಅತ್ತೆ ಜಪಕ್ಕೆ ಕೂತರು. ಒಳಗೆ ಯಾವುದಾದರೂ ಪಾತ್ರೆಯ ಸದ್ದಾದರೆ ಬೆರಳು ನಿಲ್ಲುತ್ತಿತ್ತು, ಮತ್ತೆ ನಡೆಯುತ್ತಿತ್ತು. ಅವರ ಕೈ ಹಿಡಿದುಕೊಳ್ಳಬೇಕೆನಿಸಿತು. ಹಿಡಿದುಕೊಂಡೆ. ತಣ್ಣಗಿತ್ತು. "ಹಸಿವಿಗಿ ಹಂಗ ಆಗೇತಿ," ಎಂದರು, ನಾನು ಏನೂ ಕೇಳದಿದ್ದರೂ.

ಕೊನೆಗೆ ಡಾಕ್ಟರರು ಹೊರಬಂದು ಎಲ್ಲ ಸರಿಯಾಯಿತೆಂದರು. ಹೊಲಿಗೆ ನೆಕ್ಕದಂತೆ ನಾಯಿಯ ಕುತ್ತಿಗೆಗೆ ಪ್ಲಾಸ್ಟಿಕ್ಕಿನ ಅಗಲ ಕೊರಳಪಟ್ಟಿ ಹಾಕಿದ್ದರು. ಅದು ಲಾಳಿಕೆಯೊಳಗಿಂದ ಇಣುಕಿದಂತೆ ನಮ್ಮನ್ನು ನೋಡಿ ಬಾಲವನ್ನು ಸ್ವಲ್ಪವೇ ಅಲ್ಲಾಡಿಸಿತು.

"ಇನ್ನ ಇದು ನಿಮ್ಮದ," ಎಂದರು ಅಕ್ಕನವರು.

ಅತ್ತೆಗೆ ಆ ಮಾತು ಕೇಳಿಸಿತೋ ಇಲ್ಲವೋ. "ಡಾಕ್ಟ್ರ, ಊಟ ಯಾವಾಗರಿ?"

"ಪೂರ್ತಿ ಎಚ್ಚರಾದ ಮ್ಯಾಲೆ, ಸಂಜಿಗೆ ಸ್ವಲ್ಪ ಮೆತ್ತಗಿಂದು ಕೊಡ್ರಿ."

"ಸಂಜಿ ಅಂದ್ರ ಎಷ್ಟಕ್ಕ? ಬರೋಬ್ಬರಿ ಹೇಳ್ರಿ."

ದೀಪ ಹಚ್ಚುವ ಹೊತ್ತಿಗೆ ಅತ್ತೆ ಮೆತ್ತಗೆ ಬೇಯಿಸಿದ ಅನ್ನಕ್ಕೆ ಸ್ವಲ್ಪ ಮೊಸರು ಕಲಸಿ ನಾಯಿಯ ಮುಂದೆ ಇಟ್ಟರು. ಕೊರಳಪಟ್ಟಿ ತಟ್ಟೆಗೆ ತಾಗಿ ಬಾಯಿ ಎಟುಕಲಿಲ್ಲ. ಅತ್ತೆ ಕಾಲು ಚಾಚಿ ಕೂತು ಅಂಗೈಯಲ್ಲಿ ಇಷ್ಟಿಷ್ಟೇ ಹಿಡಿದರು. ನಾಯಿ ನಿಧಾನವಾಗಿ ನೆಕ್ಕಿ ಮುಗಿಸಿ ಅವರ ಮೊಣಕಾಲಿಗೆ ಪಟ್ಟಿಸಮೇತ ಒರಗಿತು.

"ಉಂಡ್ಲು," ಎಂದರು ಅತ್ತೆ. "ಇನ್ನ ನನಗ ಬಡಸು. ಹೊಟ್ಟ್ಯಾಗ ಜೀವ ಇಲ್ಲ."