ಡುವಾಲ್‌ನ ಸ್ಟೇಷನ್ ಮಾಸ್ತರ

ಪರದೇಶದಲ್ಲಿ ನಾವು ನೆಲೆಸಿರುವ ಪುಟ್ಟ ಊರು ಡುವಾಲ್‌ನಲ್ಲಿ ರೈಲು ಓಡುವುದಿಲ್ಲ. ಆದರೂ ಕೆಲವು ವರ್ಷ ಅಲ್ಲೊಬ್ಬ ಸ್ಟೇಷನ್ ಮಾಸ್ತರನಿದ್ದ. ಅವನು ನಾನೇ. ನನ್ನನ್ನು ಯಾರೂ ನೇಮಿಸಿರಲಿಲ್ಲ, ಸಂಬಳವೂ ಇರಲಿಲ್ಲ. ಮನೆಯಲ್ಲಿ ಮರ್ಯಾದೆಯಂತೂ ಮೊದಲಿಂದಲೂ ಅಷ್ಟಕ್ಕಷ್ಟೇ.

ಈ ಹುಚ್ಚು ಹತ್ತಿದ್ದು ಜಪಾನಿನಲ್ಲಿ. ಮಗಳಿಗೆ ಆಗ ಏಳು ವರ್ಷ. ಬೆಂಗಳೂರಿಗೆ ಹೋಗುವ ದಾರಿಯಲ್ಲಿ ನಾಲ್ಕು ದಿನ ಅಲ್ಲಿ ಇಳಿದುಕೊಂಡಿದ್ದೆವು. ಪ್ರವಾಸದ ಪ್ಲಾನ್ ಪೂರ್ತಿ ನನ್ನದು. ಆಫೀಸಿನಲ್ಲಿ ದೊಡ್ಡ ದೊಡ್ಡ ಪ್ರಾಜೆಕ್ಟ್ ನಡೆಸುವವನಿಗೆ ಜುಜುಬಿ ಒಂದು ರೈಲಿನ ಟೈಮ್‌ಟೇಬಲ್ ಯಾವ ಲೆಕ್ಕ ಎಂದು ಬೀಗಿದ್ದೆ. ಬೆಟ್ಟಗಳ ನಡುವಿನ ಪುಟ್ಟ ಸ್ಟೇಷನ್ ಬಂದ ಕೂಡಲೇ "ಇದೇ, ಇದೇ, ಬೇಗ ಇಳೀರಿ!" ಎಂದು ಹೆಂಡತಿ ಮಗಳನ್ನು ದಬಾಯಿಸಿ ಇಳಿಸಿದೆ. ರೈಲು ಹೋದ ಮೇಲೆ ನೋಡಿದರೆ ಒಂದೇ ಪ್ಲಾಟ್‌ಫಾರ್ಮ್, ಒಂದೇ ಹಳಿ, ನರಪಿಳ್ಳೆ ಇಲ್ಲ. ನಾವು ನೋಡಬೇಕಿದ್ದ ಜಲಪಾತ ಇದ್ದದ್ದು ಮುಂದಿನ ಸ್ಟೇಷನ್ನಿನಲ್ಲಿ. ಮುಂದಿನ ರೈಲು ಮಧ್ಯಾಹ್ನದ ಮೇಲೆ.

"ಸೂಪರ್ ಪ್ಲಾನಿಂಗ್ ಕಣ್ರೀ," ಎಂದಳು ಹೆಂಡತಿ. "ಜಲಪಾತ ಎಲ್ಲಿ, ಈ ಬೆಂಚ್ ಕೆಳಗಿದ್ಯಾ?"

ಕಾಯುವ ಕೋಣೆ ಮರದ್ದು. ಬೆಂಚಿನ ಮೇಲೆ ಊರಿನವರು ಹೊಲಿದಿಟ್ಟ ಬಣ್ಣಬಣ್ಣದ ದಿಂಬುಗಳಿದ್ದವು. ಅವುಗಳ ಮೇಲೆ ಕೂತು ಡಬ್ಬಿಯ ಪುಳಿಯೋಗರೆ ಮುಗಿಸಿದೆವು. ಹೆಂಡತಿಯ ಕಣ್ಣು ತಪ್ಪಿಸಲು ನಾನು ಎದ್ದು ಗೋಡೆಯ ಫೋಟೋಗಳನ್ನು ನೋಡತೊಡಗಿದೆ. ಕೆಳಗಿನ ಬರಹಗಳಿಗೆ ಫೋನ್ ಹಿಡಿದರೆ ಹೇಗೋ ಅನುವಾದ ಮಾಡಿಕೊಡುತ್ತಿತ್ತು. ಕಾಡಿನ ಮರವನ್ನೂ ಇದ್ದಿಲನ್ನೂ ಕೆಳಗಿನ ಪಟ್ಟಣಕ್ಕೆ ಸಾಗಿಸಲು ಕಟ್ಟಿದ ಸ್ಟೇಷನ್ ಅದು. ಮೊದಲ ಫೋಟೋದಲ್ಲಿ ಟೋಪಿ ಹಾಕಿದ ಸಿಬ್ಬಂದಿಯ ಉದ್ದನೆಯ ಸಾಲು. ಹಿಂದೆ ದಿಮ್ಮಿ ಹೇರಿದ ಗಾಡಿಗಳು. ಆಮೇಲೆ ರಸ್ತೆ ಬಂತು, ಲಾರಿ ಬಂತು, ದಿಮ್ಮಿಯ ರೈಲು ನಿಂತಿತು. ಒಂದೊಂದು ಫೋಟೋಗೂ ಟೋಪಿಗಳು ಕಡಿಮೆಯಾಗುತ್ತಾ ಹೋದವು. ಕೊನೆಗೆ ಒಬ್ಬನೇ ಸ್ಟೇಷನ್ ಮಾಸ್ತರ, ಬಿಳಿ ಕೈಗವಸು ಹಾಕಿಕೊಂಡು ಹೊರಟ ರೈಲಿಗೆ ಸೆಲ್ಯೂಟ್ ಹೊಡೆಯುತ್ತಾ ನಿಂತಿದ್ದಾನೆ. ಅದು ಅವನ ಕೊನೆಯ ದಿನವಂತೆ. ಅದರ ಪಕ್ಕದ ಫೋಟೋದಲ್ಲಿ ಬರೀ ಪ್ಲಾಟ್‌ಫಾರ್ಮ್. ನಾನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡೆ.

"ಅಯ್ಯೋ, ಆ ಮನುಷ್ಯ ರಿಟೈರ್ ಆದ್ರೆ ನಿಮಗ್ಯಾಕ್ರೀ ಅಳು?" ಎಂದಳು ಹೆಂಡತಿ.

ರೈಲು ಬಂತು. ಒಂದೇ ಬೋಗಿ, ಒಬ್ಬನೇ ಡ್ರೈವರ್. ಹಿಂದೆ ಅಷ್ಟು ಜನ ಮಾಡುತ್ತಿದ್ದ ಕೆಲಸವೆಲ್ಲ ಈಗ ಅವನೊಬ್ಬನ ಪಾಲು. ಕನ್ನಡಿಯತ್ತ ಬೆರಳು ತೋರಿಸಿ ಏನೋ ಗಟ್ಟಿಯಾಗಿ ಹೇಳಿದ. ಬಾಗಿಲಿಗೆ ಬೆರಳು, ಒಂದು ಮಾತು. ಸಿಗ್ನಲ್‌ಗೆ ಬೆರಳು, ಮತ್ತೊಂದು ಮಾತು. ಕೇಳಲು ಯಾರೂ ಇಲ್ಲ. ಕಣ್ಣು ನೋಡಿದ್ದನ್ನು ಬಾಯಿ ಹೇಳಿದರೆ ತಪ್ಪಾಗುವುದಿಲ್ಲ ಎಂಬುದು ಅವರ ಪದ್ಧತಿಯಂತೆ. ಮಗಳು ನೋಡಿದ್ದೇ ತಡ, ಸೀಟಿನ ಮೇಲೆ ನಿಂತು ಬೆರಳು ಚಾಚಿದಳು. "ಅಪ್ಪ ಬಂದ್ರು, ಸರಿ! ಅಮ್ಮ ಬಂದ್ಲು, ಸರಿ! ಡಬ್ಬಿ ಬಂತು, ಸರಿ!"

ಮನೆಗೆ ಮರಳಿದ ಮೇಲೆ ಅವಳು ವಾರದೊಳಗೆ ಅದನ್ನು ಮರೆತಳು. ನಾನು ಮರೆಯಲಿಲ್ಲ. ಗ್ಯಾರೇಜು ತೆರೆದಿಟ್ಟು ಆಫೀಸಿಗೆ ಹೋಗುವುದು, ಒಲೆಯ ಮೇಲೆ ಹಾಲಿಟ್ಟು ಮೀಟಿಂಗಿಗೆ ಕೂರುವುದು ನನ್ನ ಹಳೆಯ ಚಾಳಿ. ಅದಕ್ಕೆಲ್ಲ ಇದೇ ಮದ್ದು ಎಂದು ಶುರು ಹಚ್ಚಿಕೊಂಡೆ. "ಗ್ಯಾಸ್ ಆಫ್, ಸರಿ! ಗ್ಯಾರೇಜ್ ಕ್ಲೋಸ್, ಸರಿ!" ಪೇಟೆಯ ಡೆನ್ನಿ ಟ್ರಯಾಂಗಲ್ ಬಡಾವಣೆಯ ನನ್ನ ಆಫೀಸಿನಲ್ಲಿ ಕಂಪ್ಯೂಟರಿಗೂ ಬೆರಳು ತೋರಿಸಿ ಮಾತಾಡತೊಡಗಿದಾಗ ಪಕ್ಕದ ಸೀಟಿನ ತೆಲುಗು ಹುಡುಗ "ಸರ್, ಆಲ್ ಓಕೆ?" ಎಂದು ಕೇಳಿದ. ಮರುವಾರ ಅವನು ಕಿಟಕಿ ಪಕ್ಕಕ್ಕೆ ಸೀಟು ಬದಲಿಸಿಕೊಂಡ.

ಮನೆಗೆ ಬಂದ ನೆಂಟರನ್ನೂ ಸ್ನೇಹಿತರನ್ನೂ ಕೂರಿಸಿಕೊಂಡು ಆ ಸ್ಟೇಷನ್ನಿನ ಚರಿತ್ರೆ ಹೇಳುತ್ತಿದ್ದೆ. ಒಮ್ಮೆ ಒಬ್ಬರು, "ನಿಮ್ಮೂರಲ್ಲೂ ಹಳೇ ರೈಲ್ವೆ ಡಿಪೊ ಇದೆಯಲ್ಲ, ಅದರ ಕಥೆ ಏನು?" ಎಂದರು. ನಾನು ಪೆಚ್ಚಾದೆ. ಪ್ರತಿ ಶನಿವಾರ ಕಾಫಿ ಹಿಡಿದು ನಾನು ನಡೆಯುವ ದಾರಿಯೇ ಹಿಂದೆ ಹಳಿಯಾಗಿತ್ತು. ಡಿಪೊ ಅದರ ಪಕ್ಕದಲ್ಲೇ ನಿಂತಿದೆ. ಅದನ್ನು ಯಾರದೋ ಕೊಟ್ಟಿಗೆ ಎಂದುಕೊಂಡಿದ್ದೆ.

ಇನ್ನು ನನ್ನ ಬೆರಳಿನ ಮಹಿಮೆ. ಒಂದು ಬೆಳಿಗ್ಗೆ ಎದೆಯುಬ್ಬಿಸಿ "ಹಿಂದೆ ಖಾಲಿ, ಸರಿ!" ಎಂದು ಕೂಗಿ ರಿವರ್ಸ್ ತೆಗೆದು, ರಸ್ತೆಯಂಚಿನಲ್ಲಿ ಕಂಬದ ಮೇಲಿರುವ ನಮ್ಮದೇ ಅಂಚೆ ಪೆಟ್ಟಿಗೆಗೆ ಗುದ್ದಿದೆ. ಬೆರಳು ಹಿಂದಕ್ಕಿತ್ತು, ಬಾಯಿ ತನ್ನ ಕೆಲಸ ಮಾಡಿತ್ತು, ಕಣ್ಣು ಮಾತ್ರ ಫೋನಿನ ಮೇಲಿತ್ತು. ಪೆಟ್ಟಿಗೆ ಇವತ್ತಿಗೂ ವಾಲಿಕೊಂಡೇ ನಿಂತಿದೆ. ನೆಟ್ಟಗೆ ಮಾಡಿಸೋಣ ಎಂದರೆ ಹೆಂಡತಿ ಬಿಡುವುದಿಲ್ಲ.

ಇಂಥ ಮಹಾನುಭಾವ ಮಗಳಿಗೆ ಡ್ರೈವಿಂಗ್ ಗುರುವಾದ. ಅವಳಿಗೆ ಹದಿನಾರಾಗುವ ಹೊತ್ತಿಗೆ ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ. ಟಕ್ವಿಲಾದ ಮಾಲ್ ಬಾಗಿಲು ತೆರೆಯುವ ಮುನ್ನ ಅದರ ಖಾಲಿ ಪಾರ್ಕಿಂಗ್‌ನಲ್ಲಿ ಪಾಠ. "ಬೆರಳು ತೋರ್ಸು, ಬಾಯ್ಬಿಟ್ಟು ಹೇಳು," ಎಂದು ನಾನು. "ಅಪ್ಪಾ, ಪ್ಲೀಸ್, ನೋಬಡಿ ಡಸ್ ದಿಸ್," ಎಂದು ಅವಳು. ಒಂದು ಸಲವೂ ಮಾಡಲಿಲ್ಲ. ಆದರೂ ಮೊದಲ ಪರೀಕ್ಷೆಯಲ್ಲೇ ಪಾಸಾದಳು. ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಮೂರು ಸಲ ಹೋಗಿದ್ದೆ.

ಲೈಸೆನ್ಸ್ ಬಂತು, ಕೀ ಮಾತ್ರ ನನ್ನ ಜೇಬಿನಲ್ಲೇ ಉಳಿಯಿತು. ಬೇಸಿಗೆ ರಜೆಯಲ್ಲಿ ಪಕ್ಕದ ಊರು ರೆಡ್ಮಂಡಿನ ಈಜುಕೊಳವೊಂದರಲ್ಲಿ ಚಿಕ್ಕ ಮಕ್ಕಳಿಗೆ ಈಜು ಕಲಿಸುವ ಕೆಲಸ ಹಿಡಿದಿದ್ದಳು. ಒಬ್ಬಳೇ ಡ್ರೈವ್ ಮಾಡಿಕೊಂಡು ಹೋಗುತ್ತೇನೆ ಎಂದು ಒಂದೇ ಹಟ. ಒಂದು ದಿನ ಕಣಿವೆಯಲ್ಲಿ ಮಂಜು ಎಂದೆ. ಇನ್ನೊಂದು ದಿನ ರಸ್ತೆಯಲ್ಲಿ ಜಿಂಕೆ ಓಡಾಡುತ್ತವೆ ಎಂದೆ. ಆಮೇಲೆ ಟೈರಿನಲ್ಲಿ ಗಾಳಿ ಸಾಲದು ಎಂದೆ. ದಿನಾ ನಾನೇ ಬಿಟ್ಟುಬಂದೆ. ಕೊನೆಗೊಮ್ಮೆ ಅವಳ ಕಣ್ಣು ತುಂಬಿತು. "ಯು ಡೋಂಟ್ ಟ್ರಸ್ಟ್ ಮಿ," ಎಂದು ರೂಮಿನ ಬಾಗಿಲು ಹಾಕಿಕೊಂಡಳು.

"ಅವಳ ಮೇಲೆ ನಂಬಿಕೆ ಇದ್ದೇ ಇದೆ," ಎಂದೆ ಹೆಂಡತಿಗೆ. "ರಸ್ತೆ ಮೇಲಿಲ್ಲ."

"ಸುಮ್ನೆ ಕಥೆ ಹೊಡೀಬೇಡಿ," ಎಂದಳು. "ಅವಳು ಒಬ್ಬಳೇ ಹೋದ್ರೆ ನಿಮಗೆ ಕೆಲ್ಸ ಇರಲ್ಲ. ಅದೇ ತಾನೇ ಭಯ? ಬಂದೋರಿಗೆಲ್ಲ ಆ ಸ್ಟೇಷನ್ ಕಥೆ ಹೇಳ್ತೀರಲ್ಲ, ಯಾವತ್ತಾದ್ರೂ ನೀವು ಕೇಳಿಸ್ಕೊಂಡಿದೀರಾ?"

ಸಿಟ್ಟು ನೆತ್ತಿಗೇರಿತು. ಅವಳು ಹೇಳಿದ್ದು ನಿಜವಾದಾಗ ನನಗೆ ಹಾಗೇ ಆಗುವುದು. ಭಯವಿತ್ತು, ಹೌದು. ಅದಕ್ಕಿಂತ ಹೆಚ್ಚಾಗಿ, ಡುವಾಲ್‌ನಿಂದ ರೆಡ್ಮಂಡಿನವರೆಗಿನ ಆ ದಾರಿ ಬಿಟ್ಟರೆ ದಿನದಲ್ಲಿ ಇನ್ಯಾವಾಗಲೂ ಮಗಳು ನನ್ನ ಪಕ್ಕದಲ್ಲಿ ಕೂರುತ್ತಿರಲಿಲ್ಲ. ಕಿವಿಯಲ್ಲಿ ಇಯರ್‌ಫೋನ್ ಇರುತ್ತಿತ್ತು, ಮಾತೇನೂ ಇರುತ್ತಿರಲಿಲ್ಲ. ಆದರೂ ಕೂರುತ್ತಿದ್ದಳು.

ಮರುದಿನ ಬೆಳಿಗ್ಗೆ ಕೀ ಕೊಟ್ಟೆ. ಜೊತೆಗೊಂದು ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಅವಳು ಅರ್ಧಕ್ಕೇ "ಓಕೆ ಅಪ್ಪಾ" ಎಂದು ಕಾರು ಹತ್ತಿದಳು. ರಿವರ್ಸ್ ತೆಗೆಯಲು ಸಹಾಯ ಮಾಡೋಣ ಎಂದು ನಾನು ಪೈಜಾಮದಲ್ಲೇ ಓಡಿ ಕಾರಿನ ಹಿಂದೆ, ಡ್ರೈವ್‌ವೇ ಮಧ್ಯದಲ್ಲಿ ನಿಂತು ಎರಡೂ ಕೈ ಬೀಸತೊಡಗಿದೆ. "ಬಾ, ಬಾ, ಬಾ!"

ಕಾರು ಅಲುಗಲಿಲ್ಲ. ಕಿಟಕಿಯ ಗಾಜು ಇಳಿಯಿತು. ಒಳಗಿಂದ ಅವಳ ಗಟ್ಟಿ ಧ್ವನಿ ಕೇಳಿಸಿತು, ಕನ್ನಡದಲ್ಲಿ.

"ಬೆಲ್ಟ್, ಸರಿ! ಕನ್ನಡಿ, ಸರಿ!"

ನನ್ನ ಎದೆ ಉಬ್ಬಿ ಪೈಜಾಮದ ಲಾಡಿ ಬಿಗಿಯಾಯಿತು. ಅಷ್ಟರಲ್ಲಿ ಅವಳು ಹಿಂದೆ ತಿರುಗಿ, ಗಾಜಿನ ಮೂಲಕ ನೇರ ನನ್ನತ್ತ ಬೆರಳು ಚಾಚಿದಳು.

"ಹಿಂದೆ ಅಪ್ಪ ಇದಾರೆ. ಸರಿ ಇಲ್ಲ!"

"ಬಾ ಪುಟ್ಟಾ, ನಾನು ನೋಡ್ತಿದೀನಿ, ಬಾ!" ಎಂದು ಇನ್ನೂ ಜೋರಾಗಿ ಕೈ ಬೀಸಿದೆ.

"ಹಿಂದೆ ಅಪ್ಪ ಇದಾರೆ!" ಬೆರಳು ಇಳಿಯಲಿಲ್ಲ. ಅವಳ ಕಣ್ಣೂ ನನ್ನ ಮೇಲೇ ಇತ್ತು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ರೀ, ಈಚೆಗೆ ಬನ್ನಿ," ಎಂದಳು. ಅಷ್ಟು ಮೆತ್ತಗೆ ಅವಳು ನನಗೆ ಯಾವತ್ತೂ ಏನನ್ನೂ ಹೇಳಿರಲಿಲ್ಲ.

ನಾನು ಹುಲ್ಲಿನ ಮೇಲಕ್ಕೆ ಸರಿದು ನಿಂತೆ. ಕೈ ತಾನಾಗಿ ಸೆಲ್ಯೂಟ್ ಹೊಡೆಯಲು ಹಣೆಗೆ ಹೋಯಿತು.

"ಹಿಂದೆ ಖಾಲಿ, ಸರಿ!" ಎಂದಳು ಮಗಳು. ಕಾರು ವಾಲಿದ ಅಂಚೆ ಪೆಟ್ಟಿಗೆಯನ್ನು ಮುಟ್ಟದೆ ರಸ್ತೆಗಿಳಿದು ಹೊರಟುಹೋಯಿತು.