ನಾಲ್ಕು ಗಂಟೆಯವರಿಗಾಗಿ ಕೂಗುವ ಪೊನ್ನುಸಾಮಿ

ಭಾನುವಾರ ಬೆಳಗಿನ ಐದೂವರೆ. ತಮಿಳು ಸೀಮೆಯ ಅನ್ನೂರಿನ ನೇಕಾರರ ಬೀದಿಯಲ್ಲಿ ಕೋಳಿಗಳೂ ಇನ್ನೂ ಕೂಗುವ ಮನಸ್ಸು ಮಾಡಿಲ್ಲ. ಪೊನ್ನುಸಾಮಿ ಮಾತ್ರ ಸೈಕಲ್ಲಿನ ಕ್ಯಾರಿಯರಿಗೆ ಕಾರಿನ ಹಳೇ ಬ್ಯಾಟರಿಯೊಂದನ್ನು ಕಟ್ಟುತ್ತಿದ್ದಾರೆ. ಟ್ಯೂಬು ಸೀಳಿ ಮಾಡಿದ ರಬ್ಬರ್ ಪಟ್ಟಿಯಲ್ಲಿ ಮೂರು ಸುತ್ತು, ಮೇಲೊಂದು ಗಂಟು. ಹ್ಯಾಂಡಲಿಗೆ ಹಾರ್ನ್ ಸ್ಪೀಕರು. ಎಲ್ಲ ಮುಗಿದ ಮೇಲೆ ಮೈಕನ್ನು ಉಗುರಿನಿಂದ ಎರಡು ಸಲ ತಟ್ಟಿ, ಕಣ್ಣು ಮುಚ್ಚಿ ಆಲಿಸುತ್ತಾರೆ. ಊದುವುದಿಲ್ಲ, ಹಲೋ ಹಲೋ ಎನ್ನುವುದಿಲ್ಲ. "ಸರಿಯಾಗಿ ಅದೆ ಸಾರ್, ಓಗಣ" ಎಂದು ಪೆಡಲು ತುಳಿಯುತ್ತಾರೆ. ಬಾಡಿಗೆ ಸೈಕಲ್ಲಿನಲ್ಲಿ ನಾನು ಹಿಂದೆ.

ಐವತ್ತಮೂರು ವರ್ಷದ ಈ ಬಡಕಲು ಮನುಷ್ಯ ಸುತ್ತಿನ ಹದಿನಾರು ಹಳ್ಳಿಗಳಿಗೆ ಮೈಕ್ ಪ್ರಚಾರದವರು. ಹೊಸ ಸಿನಿಮಾ, ಸಭೆ, ಕಣ್ಣಿನ ಶಿಬಿರ, ತಪ್ಪಿಸಿಕೊಂಡ ಎಮ್ಮೆ, ಎಲ್ಲವೂ ಜನಕ್ಕೆ ಗೊತ್ತಾಗುವುದು ಇವರ ಬಾಯಿಂದ. ಈ ವಾರದ ಕೆಲಸ ಅನ್ನೂರಿನ ಶಾಲೆಯ ಮೈದಾನದ ಸಂಗೀತ ಉತ್ಸವ. ಸಂಜೆ ಏಳಕ್ಕೆ ಮದ್ರಾಸಿನಿಂದ ನಲವತ್ತು ಜನರ ವಾದ್ಯವೃಂದ ಬರುತ್ತಿದೆ. ಅದಕ್ಕೆ ಯಾರೂ ಕೂಗಬೇಕಿಲ್ಲ, ಗೋಡೆಗೋಡೆಯ ಮೇಲೂ ಅದೇ. ಅದಕ್ಕೂ ಮೊದಲು, ಸುಡುಬಿಸಿಲಿನ ನಾಲ್ಕು ಗಂಟೆಯಿಂದ, ಮೂರು ಸಣ್ಣ ಗುಂಪುಗಳಿಗೆ ವೇದಿಕೆ ಕೊಟ್ಟಿದ್ದಾರೆ. ಪೋಸ್ಟರಿನ ಕೆಳಗೆ, ಮುದ್ರಕರ ವಿಳಾಸಕ್ಕಿಂತ ಸ್ವಲ್ಪವೇ ದೊಡ್ಡ ಅಕ್ಷರದಲ್ಲಿ ಅವರ ಹೆಸರು. ಪೊನ್ನುಸಾಮಿ ಗಂಟಲು ಹರಿದುಕೊಳ್ಳುತ್ತಿರುವುದು ಅವರಿಗಾಗಿ.

ನಿಜ ಹೇಳುತ್ತೇನೆ, ನಾನು ಈ ಊರಿಗೆ ಬಂದದ್ದು ಮದ್ರಾಸಿನವರ ಬಗ್ಗೆ ಬರೆಯಲು. ಗುರುವಾರ ಬಸ್ ಸ್ಟ್ಯಾಂಡಿನಲ್ಲಿ ಕಾಪಿ ಕುಡಿಯುತ್ತಿದ್ದಾಗ ಒಂದು ಧ್ವನಿ ಕೇಳಿಸಿತು. ತಮಿಳಿನಲ್ಲಿ ಅದು ಹೇಳುತ್ತಿದ್ದುದರ ಸಾರ ಇಷ್ಟು: "ಪೋತ್ತನೂರಿನ ರೈಲ್ವೆ ಬ್ಯಾಂಡು. ಏಳು ಜನ, ಏಳೂ ಜನ ರಿಟೈರು. ಇಂಜಿನ್ ಬಿಚ್ಚಿ ಕಟ್ಟಿದ ಕೈಯಲ್ಲಿ ಈಗ ಕ್ಲಾರಿನೆಟ್ಟು. ನಿಮ್ಮ ಅಪ್ಪನ ಮದುವೆ ಮೆರವಣಿಗೆ ಮುಂದೆ ಊದಿದವರು ಇವರೇ ಇರಬಹುದು. ಅಪ್ಪನನ್ನು ಕರೆದುಕೊಂಡು ಬನ್ನಿ, ಗುರುತು ಹಿಡಿಯುತ್ತಾನೆ." ನನ್ನ ಕಾಪಿ ಕೈಯಲ್ಲೇ ಆರಿಹೋಯಿತು. ರೇಡಿಯೋದಲ್ಲಿ ಎಷ್ಟೋ ಘನ ಕಂಠಗಳನ್ನು ಕೇಳಿದ್ದೇನೆ. ಯಾರೂ ನನ್ನನ್ನು ಹೀಗೆ ನಿಲ್ಲಿಸಿರಲಿಲ್ಲ. ಆ ಕ್ಷಣವೇ ಮದ್ರಾಸಿನವರನ್ನು ಬಿಟ್ಟು ಈ ಸೈಕಲ್ಲಿನ ಬೆನ್ನು ಹತ್ತಿದೆ.

ಪೀಳಮೇಡಿನ ಮಿಲ್ ಕಾರ್ಮಿಕರ ಗುಂಪಿನ ಬಗ್ಗೆ ಅವರು ಹೇಳುವುದು ಇನ್ನೂ ಚೆಂದ. ಅಲ್ಲಿ ಇರುವವರು ಮೂವರೇ. ಒಬ್ಬ ಹಾರ್ಮೋನಿಯಂ, ಒಬ್ಬ ಡೋಲಕ್, ಒಬ್ಬ ಬುಲ್‌ಬುಲ್ ತರಂಗ. ಮೂವರಿಗೂ ಬೇರೆ ಬೇರೆ ಶಿಫ್ಟು, ಒಬ್ಬ ಮನೆಗೆ ಬರುವಾಗ ಇನ್ನೊಬ್ಬ ಹೊರಡುತ್ತಾನೆ. "ಇವರು ಮೂರು ಜನ ಒಟ್ಟಿಗೆ ನಿಂತು ನುಡಿಸೋದನ್ನು ಇವರ ಹೆಂಡಿರೂ ನೋಡಿಲ್ಲ, ಬನ್ನಿ, ನೀವು ಮೊದಲು ನೋಡಿ" ಎನ್ನುತ್ತದೆ ಹಾರ್ನು. ಹುಣಸೆಮರದ ಕೆಳಗೆ ಕೂತ ಗಂಡಸರು ನಗುತ್ತಾರೆ, ನಕ್ಕವರು ಎಷ್ಟು ಗಂಟೆಗೆ ಎಂದು ಕೇಳುತ್ತಾರೆ.

ಇದೆಲ್ಲ ಬಾಯಿಗೆ ಬಂದಂತೆ ಹೇಳಿದ್ದಲ್ಲ. ಪೋತ್ತನೂರಿಗೆ ಎರಡು ಟೌನ್ ಬಸ್ಸು ಬದಲಿಸಿ ಹೋಗಿ, ಆ ಏಳು ಮುದುಕರ ಅಭ್ಯಾಸವನ್ನು ಪೂರ್ತಿ ಕೂತು ಕೇಳಿ ಬಂದಿದ್ದಾರೆ. ಪೀಳಮೇಡಿನಲ್ಲಿ ಮಿಲ್ಲಿನ ಗೇಟಿನ ಮುಂದೆ ಶಿಫ್ಟು ಬದಲಾಗುವ ಹೊತ್ತಿಗೆ ನಿಂತು ಮೂವರನ್ನೂ ಒಬ್ಬೊಬ್ಬರಾಗಿ ಮಾತಾಡಿಸಿದ್ದಾರೆ. ಕೂಗುವವರಿಗೆ ಇಷ್ಟೆಲ್ಲ ಯಾಕೆ ಎಂದೆ.

"ಕೇಳ್ದೇ ಕೂಗಿದ್ರೆ ಅದು ಕೂಗಲ್ಲ ಸಾರ್, ಸುಮ್ಮಾ ಸತ್ತ" ಎಂದರು. ಸತ್ತ ಎಂದರೆ ತಮಿಳಿನಲ್ಲಿ ಗದ್ದಲ. "ಜನ ಬಿಸಿಲಲ್ಲಿ ಎದ್ದು ಬರ್ಬೇಕು ಅಂದ್ರೆ ಏನಕ್ಕೆ ಅಂತ ಏಳ್ಬೇಕಲ್ಲ."

ಇಪ್ಪತ್ತೆರಡು ವರ್ಷವಾಯಿತು, ಅರವತ್ತನಾಲ್ಕನೇ ಇಸವಿಯಿಂದ ಇದೇ ಕೆಲಸ. ಅದಕ್ಕೂ ಮುಂಚೆ ಮನೆಯ ಮಗ್ಗ. ತಲೆಮಾರುಗಳಿಂದ ಇಲ್ಲಿರುವ ಕನ್ನಡದ ನೇಕಾರ ಕುಟುಂಬ ಇದು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ಇವರಿಗೆ ಬರುವುದಿಲ್ಲ, ನನ್ನ ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು ಚಿತ್ರ ನೋಡಿ ಸರಿಪಡಿಸಿಕೊಂಡರು. ದಿನಕ್ಕೆ ಮೂವತ್ತು ಮೈಲಿಗೆ ಕಮ್ಮಿಯಿಲ್ಲದ ತಿರುಗಾಟ, ಐವತ್ತಕ್ಕೂ ಹೆಚ್ಚು ನಿಲುಗಡೆ, ಬೆನ್ನ ಹಿಂದೆ ಹದಿನಾಲ್ಕು ಕಿಲೋ ಬ್ಯಾಟರಿ. ಗಂಟಲಿಗೆ ನಾಲ್ಕು ಲೋಟ ಒಣಶುಂಠಿ ಕಾಪಿ, ಅಷ್ಟೇ. ಬ್ಯಾಟರಿಯ ಆಸಿಡ್ ಬಿದ್ದು ತೊಡೆಯ ಮೇಲೆ ಅಂಗೈ ಅಗಲದ ಕಲೆ ಇದೆ. ಒಮ್ಮೆ ಮೂರು ತಿಂಗಳು ಧ್ವನಿಯೇ ಹೋಗಿತ್ತಂತೆ. ಆಗ ಮೈಕನ್ನು ಮಗ್ಗದ ಪಕ್ಕ ಇಟ್ಟುಕೊಂಡು ದಿನಾ ಒರೆಸುತ್ತಿದ್ದರೆಂದು ಹೆಂಡತಿ ರಾಮಾಯಿ ಆಡಿಕೊಂಡರು.

ನಾಲ್ಕು ಗಂಟೆಯ ಮೂರನೇ ಗುಂಪು ಯಾವುದು? ಮೊದಲು ಹಾಡಬೇಕಾದವರೇ ಅವರು. ಪೊನ್ನುಸಾಮಿಯ ಅಕ್ಕ ಕಣ್ಣಮ್ಮ ಮತ್ತು ಅದೇ ಬೀದಿಯ ನಾಲ್ವರು ಹೆಂಗಸರು. ಕಣ್ಣಮ್ಮನಿಗೆ ಅರವತ್ತೊಂದು. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿದವರು. ಗುಂಡಿಯ ಮಗ್ಗದಲ್ಲಿ ಕೂತು, ಲಾಳಿ ಹೋಗಿಬರುವ ಲಯಕ್ಕೆ ಮನೆಮಾತಿನಲ್ಲಿ ಹಾಡುವುದು ಈ ಹೆಂಗಸರ ರೂಢಿ. ಬೀದಿಯಲ್ಲಿ ಇಪ್ಪತ್ತು ಮನೆಗೆ ಈಗ ಪವರ್‌ಲೂಮ್ ಬಂದಿದೆ. ಅದರ ಮುಂದೆ ಪಕ್ಕದವರನ್ನು ಕೂಗಿ ಕರೆಯುವುದೇ ಕಷ್ಟ, ಇನ್ನು ಹಾಡುವುದೆಲ್ಲಿ? ಈ ಐವರ ಕೈಮಗ್ಗ ನಿಂತರೆ ಆ ಹಾಡುಗಳೂ ನಿಂತಂತೆ. ಒಂದು ಸಲವಾದರೂ ಅಕ್ಕ ಮೈಕಿನ ಮುಂದೆ ಹಾಡಲಿ ಎಂದು ಪೊನ್ನುಸಾಮಿ ಉತ್ಸವದ ಕಾರ್ಯದರ್ಶಿ ತಂಗವೇಲುವಿನ ಕಾಲು ಹಿಡಿದು ಈ ಅರ್ಧ ಗಂಟೆ ಗಿಟ್ಟಿಸಿದ್ದಾರೆ.

ಶುಕ್ರವಾರ ತಂಗವೇಲು ಒಂದು ಷರತ್ತು ಹಾಕಿದರು. ಜವಳಿ ಅಂಗಡಿಯವರು, ಕೆಟ್ಟವರಲ್ಲ. ಮದ್ರಾಸಿನವರಿಗೆ ವಾದ್ಯ ಜೋಡಿಸಲು ನಾಲ್ಕರಿಂದಲೇ ವೇದಿಕೆ ಬೇಕಂತೆ. ನಾಲ್ಕಕ್ಕೆ ಮೈದಾನದಲ್ಲಿ ಜನ ಇದ್ದರೆ ಸರಿ, ಇಲ್ಲದಿದ್ದರೆ ಸಣ್ಣ ಗುಂಪುಗಳ ಆಸೆ ಬಿಟ್ಟುಬಿಡಿ ಎಂದರು. ಪೊನ್ನುಸಾಮಿ "ಆಗಲಿ" ಎಂದಷ್ಟೇ ಹೇಳಿ ಸೈಕಲ್ ಹತ್ತಿದರು.

ತಮಾಷೆ ನೋಡಿ. ಊರವರನ್ನೆಲ್ಲ ಅಷ್ಟು ಬಾಯಿ ತುಂಬ ಬಣ್ಣಿಸುವ ಮನುಷ್ಯ ಅಕ್ಕನ ಸರದಿ ಬಂದಾಗ "ಅನ್ನೂರು ನೇಕಾರ ಹೆಂಗಸರ ಪಾಟ್ಟು" ಎಂದು ಒಣಗಿದ ರೊಟ್ಟಿಯಂತೆ ಒಂದು ಮಾತು ಎಸೆದು ಮುಂದೆ ಹೋಗುತ್ತಿದ್ದರು. ಪಾಟ್ಟು, ಅಂದರೆ ತಮಿಳಿನಲ್ಲಿ ಹಾಡು. ಈ ಭಾನುವಾರ ಬೆಳಿಗ್ಗೆ ರಾಮಾಯಿ ಶುಂಠಿ ಕಾಪಿ ಕೊಡುತ್ತಾ ಬಿಡದೆ ಕೇಳಿದರು: "ಏನುಂಗ, ಊರೋರ್ನೆಲ್ಲಾ ಒಗಳ್ತೀರಿ, ಅಕ್ಕನ್ನ ಒಗಳಕ್ಕೆ ಮಾತ್ರ ಬಾಯಿ ಕಟ್ಟೋಗ್ತದಾ?"

"ನಮ್ಮ ಮನೆಯೋರ್ನ ನಾವೇ ಒಗಳ್ಕೊಂಡ್ರೆ ನಗ್ತಾರೆ."

"ನಗ್ಲಿ. ನಾಕು ಗಂಟೆಗೆ ಅಕ್ಕ ಕಾಲಿ ಮೈದಾನ ನೋಡಿ ಮನೆಗೆ ವಾಪಸ್ ಬರ್ಲಾ?"

ಆ ಮಾತು ತಾಗಿರಬೇಕು. ಹತ್ತು ಗಂಟೆಯ ಬಿಸಿಲಿನಲ್ಲಿ, ಎಂಟನೇ ಹಳ್ಳಿಯ ಬೇವಿನ ಮರದಡಿ ಪೊನ್ನುಸಾಮಿ ಕಣ್ಣು ಮುಚ್ಚಿ ಅಕ್ಕನ ಬಗ್ಗೆ ಹೇಳತೊಡಗಿದರು. ನಲವತ್ತೈದು ವರ್ಷ ಗುಂಡಿಯಲ್ಲಿ ಕಾಲಿಟ್ಟು ಕೂತವಳು, ನೀವು ಉಟ್ಟ ಸೀರೆಯ ಒಂದೊಂದು ಎಳೆಯೂ ಅವಳ ದನಿ ಕೇಳಿದೆ, ಎಂದರು. ಕೊನೆಗೆ, ಧ್ವನಿ ಏರಿಸಿ: "ನಾಲು ಮಣಿಕ್ಕು ನಮ್ಮ ಆಡು ವರುದು, ಎಲ್ಲಾರುಂ ವಾಂಗ!" ನಾಲ್ಕು ಗಂಟೆಗೆ ನಮ್ಮ ಹಾಡು ಬರುತ್ತೆ, ಎಲ್ಲರೂ ಬನ್ನಿ. ಮೈಕಿನಲ್ಲಿ ಅವರು ಮನೆಯ ಮಾತೊಂದನ್ನು ಆಡಿದ್ದು ಅದೇ ಮೊದಲು. ನನ್ನ ಕಣ್ಣು ತೇವವಾಯಿತು, ಮುಚ್ಚಿಡುವುದೇನು?

ಜನರ ಮೇಲೆ ಆದಂಥ ಪರಿಣಾಮವನ್ನಂತೂ ನಾನು ಬೇರೆಲ್ಲೂ ಕಂಡಿಲ್ಲ. ಒಬ್ಬಾಕೆ ಸೌಟು ಹಿಡಿದೇ ಹೊರಗೆ ಓಡಿಬಂದು "ಎಲ್ಲರಿಗೂ ಉಂಟಾ?" ಎಂದಳು. "ಎಲ್ಲರಿಗೂ" ಎಂದರು ಪೊನ್ನುಸಾಮಿ. "ಹೆಂಗಸರೂ ಬರಬಹುದಾ?" "ಹೆಂಗಸರೇ ಮೊದಲು ಬರಬೇಕು." ಹುರುಪೇರಿದ ಅವರು ಉಳಿದ ಎಂಟು ಹಳ್ಳಿಯಲ್ಲೂ ಅದನ್ನೇ, ಅದೇ ಮಾತಿನಲ್ಲಿ ಕೂಗಿದರು. ಒಂದು ಕಂಠಕ್ಕೆ ಇಷ್ಟು ಬಲವೇ ಎಂದು ನಾನು ಬೆರಗಾಗಿ ಹಿಂದೆ ಹಿಂದೆ ಸೈಕಲ್ ತುಳಿದೆ.

ಮೂರು ಮುಕ್ಕಾಲಿಗೆ ಮೈದಾನದಲ್ಲಿ ಒಂದು ನಾಯಿ ಮತ್ತು ಕಡಲೆಕಾಯಿ ಮಾರುವವನು. ವೇದಿಕೆಯ ಪಕ್ಕ ಐವರು ಹೆಂಗಸರು ಸೆರಗು ಹೊದ್ದು ಒಬ್ಬರಿಗೊಬ್ಬರು ಅಂಟಿ ಕೂತಿದ್ದಾರೆ. ತಂಗವೇಲು ಗಡಿಯಾರ ನೋಡುತ್ತಾರೆ. ಐದು ನಿಮಿಷ ಕಳೆಯಿತು. ಆಮೇಲೆ ರಸ್ತೆಯ ತಿರುವಿನಲ್ಲಿ ಧೂಳೆದ್ದಿತು. ಹಳ್ಳಿಹಳ್ಳಿಯಿಂದ ಜನ, ಮುನ್ನೂರಕ್ಕೆ ಕಮ್ಮಿಯಿಲ್ಲ, ದಾಪುಗಾಲು ಹಾಕಿ ಬರುತ್ತಿದ್ದಾರೆ. ಎಲ್ಲ ಸರಿ, ಆದರೆ ಬಹಳ ಮಂದಿಯ ಕೈಯಲ್ಲಿ ಹಗ್ಗ ಯಾಕೆ? ಒಬ್ಬನ ಹೆಗಲ ಮೇಲೆ ಹಸಿರು ಸೊಪ್ಪಿನ ಕಟ್ಟು.

ಮುಂದೆ ಬಂದ ರಾಮಾತಾಳ್ ಎಂಬ ಮುದುಕಿ ಹಗ್ಗವನ್ನು ಪೊನ್ನುಸಾಮಿಯ ಮುಖದ ಮುಂದೆ ಹಿಡಿದು ತಮಿಳಿನಲ್ಲಿ ಕೇಳಿದಳು: "ಆಡು ಎಲ್ಲಿ?"

ಆಗ ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಇವರ ಮನೆಗನ್ನಡದಲ್ಲಿ ಹಕಾರ ಇಲ್ಲ, ಹಾಡು ಆಡಾಗುತ್ತದೆ. ತಮಿಳಿನಲ್ಲಿ ಆಡು ಎಂದರೆ ಮೇಕೆ, ನಮ್ಮಲ್ಲೂ ಹಾಗೇ. ಸಾಲದ್ದಕ್ಕೆ ತಮಿಳಿನ 'ವಾಂಗ' ಎಂದರೆ ಬನ್ನಿ ಎಂದೂ ಹೌದು, ಕೊಳ್ಳಲು, ಪಡೆಯಲು ಎಂದೂ ಹೌದು. ಸರ್ಕಾರ ಬಡವರಿಗೆ ಮೇಕೆ ಹಂಚುತ್ತದೆಂಬ ಸುದ್ದಿ ಆ ಹಳ್ಳಿಗಳಲ್ಲಿ ಮೊದಲೇ ಓಡಾಡುತ್ತಿತ್ತು. ಕನ್ನಡದ ಕಿವಿಯ ನಾನು ಹಾಡನ್ನು ಕೇಳಿ ಕಣ್ಣು ಒರೆಸಿಕೊಳ್ಳುತ್ತಿದ್ದಾಗ, ಮುನ್ನೂರು ಜನ ಮೇಕೆ ಕಟ್ಟಲು ಹಗ್ಗ ಹುಡುಕುತ್ತಿದ್ದರು.

ಪೊನ್ನುಸಾಮಿ ಓಡಿಹೋಗಬಹುದಿತ್ತು, ಏನಾದರೂ ಸಬೂಬು ಹೇಳಬಹುದಿತ್ತು. ವೇದಿಕೆ ಹತ್ತಿ, ಮೈಕ್ ಹಿಡಿದು, ಕೈಮುಗಿದರು. "ತಪ್ಪು ನನ್ನದು. ನಮ್ಮ ಮನೆಯಲ್ಲಿ ಪಾಟ್ಟಿಗೆ ಆಡು ಅನ್ನುತ್ತೇವೆ. ಕೊಡಲು ಮೇಕೆ ಇಲ್ಲ. ಇರುವುದು ನಮ್ಮ ಅಕ್ಕ" ಎಂದು ತಮಿಳಿನಲ್ಲಿ ಹೇಳಿ ತಲೆ ತಗ್ಗಿಸಿದರು. ಹಿಂದಿನಿಂದ ಯಾರೋ ಬೈದರು, ಹತ್ತಿಪ್ಪತ್ತು ಜನ ಬೆನ್ನು ತಿರುಗಿಸಿದರು.

ಕಣ್ಣಮ್ಮ ಎದ್ದರು. ತಮ್ಮನ ಕೈಯಿಂದ ಮೈಕು ತೆಗೆದುಕೊಳ್ಳಲೂ ಇಲ್ಲ, ಅವರು ಹಿಡಿದಲ್ಲಿಗೇ ಬಾಯಿ ತಂದು ಹಾಡಿದರು: "ಲಾಳಿ ಓತು, ಲಾಳಿ ಬಂತು, ಓದ ತಂಗಿ ಬರ್ಲಿಲ್ಲ." ನಾಲ್ವರು ಹೆಂಗಸರು ನೆಲಕ್ಕೆ ಕಾಲು ಬಡಿದು ಮಗ್ಗದ ಲಯ ಕೊಟ್ಟರು. ಮಾತು ಅಲ್ಲಿದ್ದವರಿಗೆ ಪೂರ್ತಿ ತಿಳಿದಿರಲಾರದು. ಆದರೆ ತಿರುಗಿ ಹೊರಟಿದ್ದವರು ನಿಂತರು. ರಾಮಾತಾಳ್ ಧೂಳಿನಲ್ಲೇ ಕೂತು, ಹಗ್ಗವನ್ನು ಮಡಿಲಿಗೆ ಹಾಕಿಕೊಂಡು, ಅದರ ತುದಿಯಿಂದ ಮೊಣಕಾಲಿಗೆ ತಾಳ ಹಾಕತೊಡಗಿದಳು. ಅರ್ಧ ಗಂಟೆ ಕಳೆದದ್ದು ತಂಗವೇಲುವಿಗೂ ತಿಳಿಯಲಿಲ್ಲ. ಆಮೇಲೆ ಮಿಲ್ಲಿನ ಮೂವರು, ಆಮೇಲೆ ಪೋತ್ತನೂರಿನ ಮುದುಕರು. ಜನ ಕದಲಲಿಲ್ಲ. ಅಕ್ಕನ ಹಾಡು ಮುಗಿದ ಮೇಲೆ ಇಳಿದು ವೇದಿಕೆಯ ಕೆಳಗೆ ಆಂಪ್ಲಿಫೈಯರಿನ ಪಕ್ಕ ಕಣ್ಣು ಮುಚ್ಚಿ ಕೂತಿದ್ದ ಪೊನ್ನುಸಾಮಿಯನ್ನು ಯಾರೂ ನೋಡಲಿಲ್ಲ. ನಾನು ನೋಡಿದೆ, ನೋಡಿ ಧನ್ಯನಾದೆ.

ಸೋಮವಾರ ಊರು ಬಿಡುವ ಮುನ್ನ ಅವರ ಜಗಲಿಯಲ್ಲಿ ಕೂತೆ. ಮುಂದಿನ ವರ್ಷವೂ ಕಣ್ಣಮ್ಮನವರಿಗೆ ವೇದಿಕೆ ಉಂಟೆಂದು ತಂಗವೇಲು ಹೇಳಿಕಳಿಸಿದ್ದಾರೆ. ಒಳಗೆ ಅಕ್ಕನ ಮಗ್ಗ ಸದ್ದು ಮಾಡುತ್ತಿದೆ. ಊರೆಲ್ಲ ಆ ತಪ್ಪನ್ನು ಹೇಳಿಕೊಂಡು ನಗುತ್ತಿದೆಯಲ್ಲ, ಬೇಜಾರಿಲ್ಲವೇ ಎಂದು ಕೇಳಿದೆ.

ಪೊನ್ನುಸಾಮಿ ಹಾರ್ನಿನ ಧೂಳು ಒರೆಸುತ್ತಾ ಮೆಲ್ಲಗೆ ಹೇಳಿದರು: "ಆಡು ಕೇಳಕ್ಕೆ ಬಂದ್ರು ಸಾರ್. ಆಡು ಕೇಳ್ಕಂಡೇ ಓದ್ರು."