ಲಾವಂಚದ ತಟ್ಟಿಯ ಆಚೆ

ಬಾಗಿಲಿಗೆ ಕಟ್ಟಿದ ಲಾವಂಚದ ತಟ್ಟಿಗೆ ಒಳಗಿನಿಂದ ನೀರು ಚಿಮುಕಿಸುತ್ತಿದ್ದೆ. ಆಚೆಯಿಂದ ಯಾರೋ ಆ ನೀರನ್ನು ಹೀರುವ ಸದ್ದು ಬಂತು. ಎಂಬತ್ತರ ದಶಕದ ನಾಗಪುರ, ಮೇ ತಿಂಗಳ ಸುಡು ಮಧ್ಯಾಹ್ನ. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ತಟ್ಟಿಯ ಬೇರುಗಳನ್ನು ಸೀಳಿಕೊಂಡು ಎರಡು ಕರಿ ಕೈ ಒಳಗೆ ಬಂದವು. ಅವುಗಳ ನಡುವೆ ಕರಿ ಮುಖ, ಸುತ್ತ ನರೆತ ಕೂದಲು. ಸತ್ತ ನನ್ನ ಮಾವನೇ ನೀರು ಕೇಳಲು ಬಂದನೆಂದುಕೊಂಡೆ.

ತಟ್ಟಿ ಎತ್ತಿದೆ. ಬಾಲದ ತುದಿಗೆ ಕುಚ್ಚು, ಕೊರಳಲ್ಲಿ ಹರಿದ ಸರಪಳಿ. ಸಿಂಗಳೀಕ! ತವರಿನ ಶಿರಸಿ ಘಟ್ಟದಲ್ಲಿ ಅದನ್ನು ಮರದ ತುದಿಯಲ್ಲಷ್ಟೇ ಕಂಡಿದ್ದೆ.

ಪಕ್ಕದ ಮನೆಯ ಬಟ್ಟೆ ವ್ಯಾಪಾರಿ, ಹುಬ್ಬಳ್ಳಿಯವನು, ಹಗ್ಗ ಹಿಡಿದು ಬಂದ. "ನಮ್ಮದರೀ ಅವ್ವಾ, ಶೋಕಿಗೆ ಸಾಕೀನಿ. ಜಲ್ದಿ ಬಿಡ್ರಿ."

"ಅಳದುಳದ ಜಾತಿನ ಈ ಬೆಂಕ್ಯಾಗ ತಂದು ಕಟ್ಟೀಯಲ್ಲೋ ಖೋಡಿ! ಫಾರೆಸ್ಟಿನವರು ಬರೂತನಕ ಮುಟ್ಟಿ ನೋಡು, ಕೈ ಮುರೀತೀನಿ" ಎಂದು ಗದರಿಸಿ, ಫಾರೆಸ್ಟ್ ಆಫೀಸಿಗೆ ಹೇಳಿ ಕಳಿಸಿದೆ.

ಅದು ಓಡಲಿಲ್ಲ. ಸಂಜೆ ಅವರು ಬರುವವರೆಗೂ ಒದ್ದೆ ಬೇರಿಗೆ ಮೂಗೊತ್ತಿ, ಕಣ್ಣು ಮುಚ್ಚಿ ಕೂತಿತ್ತು.

ಒಯ್ದರು. ಬದುಕಿತೋ ಇಲ್ಲವೋ, ಯಾರೂ ಬಂದು ಹೇಳಲಿಲ್ಲ. ತಟ್ಟಿಯಲ್ಲಿ ಎರಡು ತೂತು ಉಳಿದವು. ಮಿಕ್ಕ ಕಡೆಯಿಂದ ತಂಪು ಗಾಳಿ ಬರುತ್ತಿತ್ತು; ಆ ಎರಡರಿಂದ ಮಾತ್ರ ಬಿಸಿ, ಉಸಿರು ಬಿಟ್ಟ ಹಾಗೆ.